ಪೊರೆ ಹಾಸುವ ಬೀಗಿತಿ

ಬೀಗಿತಿಯ ವಿಷಯ ಗುಂಡಿಯಮ್ಮನ ಕಿವಿಗೆ ಮೊದಲ ಸಲ ಬಿದ್ದ ದಿನ ಅವಳ ತೊಡೆಯ ಮೇಲೆ ಯಾರದೋ ಕಪ್ಪು ಕೋಟು ಬಿದ್ದುಕೊಂಡಿತ್ತು. ಗಂಡ ಹೋದ ಮೇಲೆ ದರ್ಜಿ ಅಂಗಡಿಯಿಂದ ಬಟ್ಟೆ ತಂದು, ಕಿಟಕಿಯ ಪಕ್ಕ ಕುಳಿತು, ಕಾಜಾ ಕಟ್ಟುವುದು, ಗುಂಡಿ ಹಚ್ಚುವುದು ಅವಳ ಕಸುಬು. ಆ ಹೆಸರು ಅಂಟಿಕೊಂಡಿದ್ದೂ ಅದರಿಂದಲೇ. ಮಗಳು ಕೆಲಸ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. ಹಾಗೆ ನಿಂತಳೆಂದರೆ ಬಾಯಲ್ಲಿ ಏನೋ ಇದೆ, ಉಗುಳಲಾರಳು ನುಂಗಲಾರಳು ಎಂದು ತಾಯಿಗೆ ಗೊತ್ತು.

“ಅಮ್ಮ, ನಾನೊಬ್ಬರನ್ನ ನೋಡ್ಕೊಂಡಿದ್ದೀನಿ. ನೀನು ಒಪ್ಪಬೇಕು.”

“ನೋಡ್ಕೊಂಡಾದ ಮೇಲೆ ನಾನು ಒಪ್ಪೋದೇನು ಬಂತು. ಏನು ಮಾಡ್ತಾನೆ?”

“ಬಸ್ಸು ರಿಪೇರಿ ಶೆಡ್ಡಲ್ಲಿದ್ದಾರೆ. ಅಪ್ಪ ಇಲ್ಲ. ಅಮ್ಮ ಒಬ್ಬರೇ.”

“ಅವರೇನು ಮಾಡ್ತಾರೆ?”

“ಹಾಲಿನಿಂದ ಪೊರೆ ಮಾಡ್ತಾರೆ.”

ಗುಂಡಿಯಮ್ಮ ದಾರವನ್ನು ಹಲ್ಲಿನಿಂದ ಕಡಿದಳು. “ಹಾಲು ಕಾಯಿಸಿ ಸುಮ್ಮನೆ ಬಿಟ್ಟರೆ ಪೊರೆ ತಾನಾಗೇ ಕಟ್ಟುತ್ತೆ. ಅದಕ್ಕೂ ಸಂಬಳ ಕೊಡ್ತಾರಾ?”

“ಆ ಪೊರೆ ಅಲ್ಲಮ್ಮ. ತಿನ್ನೋ ಪದಾರ್ಥ ಸುತ್ತೋದಕ್ಕೆ. ನೋಡೋಕೆ ಪ್ಲಾಸ್ಟಿಕ್ ಥರಾನೇ ಇರುತ್ತಂತೆ. ಆದ್ರೆ ಮಣ್ಣಿಗೆ ಹಾಕಿದರೆ ಮಣ್ಣಾಗುತ್ತಂತೆ.”

“ಮಣ್ಣಿಗೆ ಹಾಕಿದರೆ ನಾನೂ ಮಣ್ಣೇ ಆಗ್ತೀನಿ. ಚಪ್ಪಲಿ ಬಿಡು, ಒಳಗೆ ಬಾ.”

ಒಪ್ಪಿಗೆ ಆದದ್ದು ಅಷ್ಟರಲ್ಲೇ. ಮುಂದಿನ ವಾರ ಹುಡುಗನ ತಾಯಿ ಬಂದಳು. ಮೂರನೆಯ ಮಹಡಿ. ಮೆಟ್ಟಿಲಿನ ಮೇಲೆ ಅವಳ ಹೆಜ್ಜೆ ಎಲ್ಲಿಯೂ ನಿಲ್ಲಲಿಲ್ಲ, ಬಾಗಿಲು ದಾಟಿ ಒಳಗೆ ಬಂದಾಗ ಏದುಸಿರೂ ಇರಲಿಲ್ಲ. ಗುಂಡಿಯಮ್ಮನಿಗೆ ಆ ಮೆಟ್ಟಿಲು ಹತ್ತಿ ಬರುವುದೆಂದರೆ ಅರ್ಧ ಆಯಸ್ಸು ಕಳೆದ ಹಾಗೆ. ಹಾಗಾಗಿ ಬೀಗಿತಿಯ ಬಗ್ಗೆ ಅವಳ ಮನಸ್ಸಿನಲ್ಲಿ ನಿಂತ ಮೊದಲ ಮಾತು, ಹೆಂಗಸಿಗೆ ಒಳ್ಳೆಯ ದಮ್ಮಿದೆ ಎಂಬುದು. ಸಣ್ಣ ಮೈ, ಉದ್ದ ಕುತ್ತಿಗೆ, ಬಿಸಿನೀರಿನಲ್ಲಿ ಬೆಂದು ಬೆಂದು ಬಿಳಿಚಿಕೊಂಡ ಬೆರಳು. ಕೈಯಲ್ಲಿ ಒಂದು ಬ್ರೆಡ್ಡು. ಬ್ರೆಡ್ಡಿನ ಸುತ್ತ ತೆಳ್ಳಗೆ ಹೊಳೆಯುವ ಏನೋ ಒಂದು.

“ಇದೇ ನಾನು ಮಾಡೋದು,” ಎಂದು ಮೇಜಿನ ಮೇಲೆ ಇಟ್ಟಳು.

ಗುಂಡಿಯಮ್ಮ ಬಿಚ್ಚಲು ಹೋದಳು. ಬಿಚ್ಚಲು ಬರಲಿಲ್ಲ. ಬ್ರೆಡ್ಡು ಇನ್ನೂ ಬಿಸಿಯಿದ್ದಾಗಲೇ ಸುತ್ತಿದ್ದರಿಂದ ಅದರ ಹಬೆಗೆ ಪೊರೆ ಕರಗಿ, ಮಗುವಿನ ಕೆನ್ನೆಗೆ ಮೆತ್ತಿದ ಜೋನಿಬೆಲ್ಲದಂತೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದರೆ ಬ್ರೆಡ್ಡೇ ಕಿತ್ತು ಬರುತ್ತಿತ್ತು. ಗುಂಡಿಯಮ್ಮ ಮಗಳ ಮುಖ ನೋಡಿದಳು. ಮಗಳು ನೆಲ ನೋಡಿದಳು.

“ಕೆರೀಬೇಡಿ, ಹಾಗೇ ತಿನ್ನಿ,” ಎಂದಳು ಬೀಗಿತಿ, ಮುಖದಲ್ಲಿ ನಾಚಿಕೆಯೂ ಇಲ್ಲ ನಗುವೂ ಇಲ್ಲ. “ಅದೂ ಹಾಲೇ. ಒದ್ದೆ ಕಂಡರೆ ಅದಕ್ಕೆ ಆಗಲ್ಲ. ಅದೇ ನಮಗೆ ದೊಡ್ಡ ತಲೆನೋವಾಗಿರೋದು.”

ಮೂವರೂ ತಿಂದರು. ರುಚಿಯೇನೂ ಕೆಟ್ಟಿರಲಿಲ್ಲ.

ಮದುವೆಯಾಯಿತು. ಮೊಮ್ಮಗಳು ಹುಟ್ಟಿದಳು. ಗುಂಡಿಯಮ್ಮನ ಕಣ್ಣಿಗೆ ಮಬ್ಬು ಕವಿದು ಸೂಜಿಯ ಕಣ್ಣು ಕಾಣದಾದಾಗ, ಮಗಳು ಬಂದು ತಾಯಿಯ ಪೆಟ್ಟಿಗೆ ಕಟ್ಟಿಸಿದಳು. ಮಗಳ ಮನೆಯಲ್ಲಿದ್ದ ಕೋಣೆಗಳು ಎರಡು. ಒಂದರಲ್ಲಿ ಗಂಡ ಹೆಂಡತಿ ಮಗು. ಇನ್ನೊಂದರಲ್ಲಿ ಬೀಗಿತಿಯ ಮಂಚಕ್ಕೆ ಎದುರಾಗಿ ಗುಂಡಿಯಮ್ಮನ ಮಂಚ. ನಡುವೆ ಒಬ್ಬರು ನಡೆಯುವಷ್ಟು ಜಾಗ.

“ಬಾಗಿಲಿಗೆ ಒಂದು ಬೀಗ ಇದ್ದರೇ ಸಾಕು ಅಂತಾರೆ, ನಮ್ಮನೇಲಿ ಎರಡಿದೆ,” ಎಂದು ಅಳಿಯ ಮೊದಲ ದಿನವೇ ನಗಾಡಿದ. “ಇನ್ನು ಕಳ್ಳರ ಭಯ ಇಲ್ಲ.”

“ಕೀಲಿ ಎಲ್ಲಿಟ್ಟಿದ್ದೀಯಾ ಅಂತ ಮೊದಲು ನೋಡ್ಕೋ,” ಎಂದಳು ಬೀಗಿತಿ.

ಹೀಗೆ, ಜಗತ್ತಿನಲ್ಲಿ ಯಾರೂ ಒಂದೇ ಕೋಣೆಯಲ್ಲಿ ಇಡದ ಇಬ್ಬರು ಹೆಂಗಸರು ಒಂದೇ ಕೋಣೆಯಲ್ಲಿ ಉಳಿದರು. ಜಗಳವಾಗಲಿಲ್ಲ. ಜಗಳವಾಡಲು ಇಬ್ಬರಲ್ಲೂ ಕಸುವಿರಲಿಲ್ಲ. ಸಂಜೆ ಬೀಗಿತಿ ಬಂದು ಕಾಲು ಬಿಸಿನೀರಿನಲ್ಲಿಟ್ಟು ಕೂರುತ್ತಿದ್ದಳು. ಗುಂಡಿಯಮ್ಮ ಚಹಾದ ಲೋಟ ಕೊಟ್ಟು ಎದುರಿಗೆ ಕೂರುತ್ತಿದ್ದಳು. ಮಾತು ತಾನಾಗಿ ಬರುತ್ತಿತ್ತು, ಬಾರದಿದ್ದರೆ ಇಲ್ಲ.

ಬೀಗಿತಿಯ ಕಥೆಯಲ್ಲಿ ಹೆಚ್ಚೇನೂ ಇರಲಿಲ್ಲ. ಹುಡುಗಿಯಾಗಿದ್ದಾಗ ಮನೆಮನೆಯಲ್ಲಿ ಪಾತ್ರೆ ತೊಳೆದಳು. ಗಂಡ ಸತ್ತ ಮೇಲೆ ಆಸ್ಪತ್ರೆಯಲ್ಲಿ ನೆಲ ತೊಳೆದಳು. ಆಮೇಲೆ ಹಾಲಿನ ಕಾರ್ಖಾನೆಯಲ್ಲಿ ಬಾಟಲಿ ತೊಳೆದಳು. ಮಗನನ್ನು ಸಾಕಿದ್ದು ಆ ಬಾಟಲಿಗಳೇ. ಚೀಸು ಮಾಡಿ ಉಳಿದ ತಿಳಿನೀರನ್ನು ಆ ಕಾರ್ಖಾನೆಯವರು ಚರಂಡಿಗೆ ಬಿಡುತ್ತಿದ್ದರು, ಬೇಸಿಗೆಯಲ್ಲಿ ಬೀದಿಯೆಲ್ಲ ಹುಳಿ ನಾತ. ಶಾಲೆಯ ಪಾಠ ಬಿಟ್ಟು ಬಂದ ಒಬ್ಬ ಮೇಷ್ಟ್ರು ಆ ನೀರನ್ನು ಬೇಡಿ ಪಡೆದು, ಗಟ್ಟಿ ಮಾಡಿಸಿ, ಅದರಲ್ಲಿ ಪೊರೆ ಮಾಡುತ್ತೇನೆಂದು ಕಾರ್ಖಾನೆಯ ಹಿಂದಿದ್ದ ಹಳೆಯ ಮಂಜುಗಡ್ಡೆ ಕೋಣೆಯನ್ನು ಬಾಡಿಗೆಗೆ ಹಿಡಿದರು. ಗಾಜಿನ ಹಲಗೆಗಳನ್ನು ತೊಳೆಯಲು ಒಬ್ಬಳು ಬೇಕಿತ್ತು. ಬೀಗಿತಿ ಹೋದಳು. ಹಲಗೆ ತೊಳೆಯುವವಳು ಒಂದು ದಿನ ಹಲಗೆಯ ಮೇಲೆ ಹೊಯ್ದೂ ನೋಡಿದಳು. ಅಂದಿನಿಂದ ಹೊಯ್ಯುವ ಕೆಲಸ ಅವಳದೇ ಆಯಿತು.

“ಅದೇನು ಅಂಥಾ ಹೊಯ್ಯೋದು,” ಎಂದು ಗುಂಡಿಯಮ್ಮ ಒಮ್ಮೆ ಕೇಳಿದಳು.

“ಬಂದು ನೋಡಿ. ಹೇಗೂ ಮನೇಲಿ ಕೂತು ಗೋಡೆ ನೋಡ್ತಿರ್ತೀರಿ.”

ಊಟದ ಡಬ್ಬಿ ಮರೆತುಹೋದ ಒಂದು ದಿನ ಗುಂಡಿಯಮ್ಮ ಅದನ್ನು ಹಿಡಿದು ಹೋದಳು. ತಗ್ಗು ಸೂರಿನ ಕೋಣೆ, ದಪ್ಪ ಬಾಗಿಲು, ಗೋಡೆಯುದ್ದಕ್ಕೂ ಕಪಾಟು, ಕಪಾಟಿನಲ್ಲಿ ಒಣಗಲು ಮಲಗಿಸಿದ ಗಾಜಿನ ಹಲಗೆಗಳು. ಒಳಗೆ ಬೆಚ್ಚಗೆ, ಎಳೆಗೂಸಿನ ಬಾಯಿಯಂಥ ವಾಸನೆ. ಹಾಲಿನ ದ್ರವವನ್ನು ಕುದಿಸಿ, ಆರಿಸಿ, ಪೊರೆ ಬಾಗಲಿ ಎಂದು ಅದಕ್ಕೆ ಒಂದಿಷ್ಟು ಗ್ಲಿಸರಿನ್ ಬೆರೆಸಿ ಇಟ್ಟಿದ್ದರು. ಬೀಗಿತಿ ಕೊಡವನ್ನು ಎತ್ತಿ “ಹ್ಞೂಂ” ಎಂದಳು. ಅಷ್ಟೇ. ಕೋಣೆಯಲ್ಲಿದ್ದ ಎಲ್ಲರೂ ಮಾತು ನಿಲ್ಲಿಸಿ ಉಸಿರು ಹಿಡಿದರು, ಮೇಷ್ಟ್ರೂ ಹಿಡಿದರು. ಉಸಿರು ತಾಗಿದರೆ ಅಲೆ ಏಳುತ್ತದೆ, ಅಲೆ ಎದ್ದಲ್ಲಿ ಪೊರೆ ಒಂದು ಕಡೆ ದಪ್ಪ ಒಂದು ಕಡೆ ತೆಳು. ಬೀಗಿತಿ ಹಲಗೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೊಡ ಸರಿಸುತ್ತಾ ಹೊಯ್ದಳು, ಹಲಗೆಯನ್ನು ಒಂದಿಷ್ಟು ಆ ಕಡೆ ಬಾಗಿಸಿದಳು, ಒಂದಿಷ್ಟು ಈ ಕಡೆ. ದ್ರವ ಮೂಲೆ ಮೂಲೆಗೆ ಹೋಗಿ ನಿಂತಿತು. ಆಗ ಅವಳು ಉಸಿರು ಬಿಟ್ಟಳು, ಎಲ್ಲರೂ ಬಿಟ್ಟರು. ಬೇರೆಯವರು ಹೊಯ್ದರೆ ಒಂದು ಹಲಗೆಗೆ ಎರಡು ಮೂರು ಉಸಿರು ಬೇಕಾಗುತ್ತಿತ್ತಂತೆ, ಉಸಿರಿಗೊಂದು ಗೆರೆ. ಅವಳಿಗೆ ಒಂದೇ ಸಾಕು.

“ನನ್ನ ಗಂಡ ನನ್ನ ಮಾತು ಕೇಳಿ ಹೀಗೆ ಬಾಯಿ ಮುಚ್ಚಿಕೊಂಡದ್ದು ಒಂದು ದಿನ ಇಲ್ಲ,” ಎಂದಳು ಗುಂಡಿಯಮ್ಮ.

“ನನ್ನ ಗಂಡನೂ ಅಷ್ಟೇ. ಅದಕ್ಕೇ ಇಲ್ಲಿಗೆ ಬಂದಿದ್ದು.”

ಇಷ್ಟೆಲ್ಲ ಮಾಡಿದರೂ ಒದ್ದೆ ತಾಗಿದರೆ ಪೊರೆ ಕರಗುತ್ತಿತ್ತು. ಯಾವ ಅಂಗಡಿಯವರೂ ಎರಡನೆಯ ಸಲ ಕೇಳಲಿಲ್ಲ. ಮೇಷ್ಟ್ರ ಕೂದಲು ಉದುರಿದವು. ಆಮೇಲೆ ಅವರು ಎಲ್ಲಿಂದಲೋ ಒಂದು ಪುಡಿ ತರಿಸಿದರು. ಬೆಳ್ಳಗೆ, ಮುಖಕ್ಕೆ ಹಾಕುವ ಪೌಡರಿಗಿಂತ ನಯ. ಅದಕ್ಕೆ ಕಿಣ್ವ ಎಂದು ಹೆಸರು. ಹಾಲಿನ ಸಾರದಲ್ಲಿ ಎಳೆಗಳಿರುತ್ತವೆ, ಈ ಕಿಣ್ವ ಒಂದು ಎಳೆಯನ್ನು ಇನ್ನೊಂದು ಎಳೆಗೆ ಕಟ್ಟುತ್ತದೆ, ಕಟ್ಟಿದ ಮೇಲೆ ನೀರು ಅವನ್ನು ಸುಲಭವಾಗಿ ಬಿಡಿಸಲಾರದು ಎಂದು ಮೇಷ್ಟ್ರು ವಿವರಿಸಿದರು. ಕೆಲಸದವರೆಲ್ಲ ಅದನ್ನು ಹೊಲಿಗೆಪುಡಿ ಎಂದು ಕರೆದರು. ಬೀಗಿತಿ ಮನೆಗೆ ಬಂದು ಗುಂಡಿಯಮ್ಮನಿಗೆ ಹೇಳಿದಾಗ ಅವಳಿಗೆ ತಕ್ಷಣ ಅರ್ಥವಾಯಿತು.

“ಕಾಜಾ ಕಟ್ಟಿದ ಹಾಗೆ. ಕಟ್ಟದೆ ಬಿಟ್ಟರೆ ಬಟ್ಟೆ ಜುಂಗು ಜುಂಗಾಗಿ ಬಿಚ್ಚಿಕೊಳ್ಳುತ್ತೆ.”

“ಹಾಗೇ. ಜಾಸ್ತಿ ಕಟ್ಟಿದರೆ?”

“ಬಟ್ಟೆ ಬಿರುಸಾಗುತ್ತೆ. ಮಡಿಸಿದರೆ ಹರಿಯುತ್ತೆ.”

“ಇದೂ ಹಾಗೇ ಆಗ್ತಿದೆ. ನಿನ್ನೆ ಮಾಡಿದ್ದು ಒಣಗಿದ ಎಲೆ ಥರ ಪುಡಿಪುಡಿ ಆಯ್ತು.”

ಪುಡಿ ಕಡಿಮೆಯಾದರೆ ಪೊರೆ ಕರಗುತ್ತದೆ, ಹೆಚ್ಚಾದರೆ ಸೀಳುತ್ತದೆ. ದ್ರವ ಉಗುರುಬೆಚ್ಚಗಿರುವಾಗ ಹಾಕಬೇಕು. ಬಿಸಿ ಹೆಚ್ಚಿದ್ದರೆ ಪುಡಿ ಸತ್ತುಹೋಗುತ್ತದೆ, ತಣ್ಣಗಿದ್ದರೆ ಮೈಗಳ್ಳತನ ಮಾಡುತ್ತದೆ. ಸಾಕಷ್ಟು ಹೊಲಿದಾದ ಮೇಲೆ ಮತ್ತೆ ಬಿಸಿ ಮಾಡಿ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಅದು ಕಪಾಟಿನಲ್ಲಿ ಕೂತೂ ಹೊಲಿಯುತ್ತಲೇ ಇರುತ್ತದೆ. ಮೇಷ್ಟ್ರು ಲೆಕ್ಕ ಹಾಕಿ ಕೊಡುವರು, ಬೀಗಿತಿ ಬೆರೆಸಿ ಹೊಯ್ಯುವಳು, ಮಾರನೆಯ ದಿನ ಇಬ್ಬರೂ ಸೇರಿ ಹಲಗೆಯಿಂದ ಪೊರೆ ಸುಲಿದು ಒದ್ದೆ ಬಟ್ಟೆಯ ಮೇಲಿಟ್ಟು ಕಾಯುವರು. ಒಂದು ವರ್ಷವೆಲ್ಲ ಅದೇ ಹಾಡು.

ಪುಡಿ ಬಹಳ ತುಟ್ಟಿ. ಪೊರೆಗಿಂತ ಪುಡಿಯದೇ ಭಾರ, ಮೂಗಿಗಿಂತ ಮೂಗುತಿ ಭಾರ ಎಂದು ಮೇಷ್ಟ್ರು ಗೊಣಗುತ್ತಿದ್ದರು. ಪಾತ್ರೆ ತೊಳೆದು ಬದುಕಿದ ಹೆಂಗಸಿಗೆ ಇಂಥದ್ದನ್ನು ಚೆಲ್ಲಲು ಕೈ ಬರುತ್ತದೆಯೇ? ಪಾಕೀಟು ಖಾಲಿಯಾದರೆ ಬೀಗಿತಿ ಅದನ್ನು ತಲೆಕೆಳಗೆ ಹಿಡಿದು, ಬೆನ್ನು ತಟ್ಟಿದಂತೆ ತಟ್ಟಿ ತಟ್ಟಿ, ಕೊನೆಯ ಚಿಟಿಕೆಯವರೆಗೂ ಉದುರಿಸುತ್ತಿದ್ದಳು. ಮೇಜಿನ ಮೇಲೆ ಚೆಲ್ಲಿದ್ದನ್ನು ಒಣ ಕುಂಚದಿಂದ ಗುಡಿಸಿ ಒಟ್ಟು ಮಾಡುತ್ತಿದ್ದಳು. ಬೆಳಕಿನ ಕೋಲಿನಲ್ಲಿ ಆ ಪುಡಿ ಹೊಗೆಯಂತೆ ತೇಲುತ್ತಿತ್ತು. ಕಿಟಕಿ ತೆರೆಯುವಂತಿರಲಿಲ್ಲ, ಗಾಳಿ ಬಂದರೆ ಒಣಗುವ ಪೊರೆ ಸುಕ್ಕಾಗುತ್ತದೆ.

ಕೆಮ್ಮು ಶುರುವಾದದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಮೊದಲು ಸೀನು, ಕಣ್ಣಲ್ಲಿ ನೀರು. ಆಮೇಲೆ ಸಂಜೆ ಬಂದು ಕಾಲು ನೀರಿನಲ್ಲಿಟ್ಟು ಕೂತಾಗ ಎದೆಯೊಳಗೆ ತುಕ್ಕು ಹಿಡಿದ ಬಾಗಿಲು ತಿರುಗಿದ ಹಾಗೆ ಸದ್ದು.

“ಕೆಲಸದ ಕೋಣೆಯಲ್ಲಿ ಎಲ್ಲಿಂದಲೋ ಗಾಳಿ ನುಗ್ಗುತ್ತೆ. ಶೀತ,” ಎಂದಳು ಬೀಗಿತಿ. ಮೇಷ್ಟ್ರಿಗೂ ಹಾಗೇ ಅನ್ನಿಸಿ ಬಾಗಿಲ ಸಂದಿಗೆ ಬಟ್ಟೆ ತುರುಕಿಸಿದರು. ಒಳ್ಳೆಯ ಮನಸ್ಸಿನಿಂದಲೇ ತುರುಕಿಸಿದರು. ಕೆಮ್ಮು ಹೆಚ್ಚಾಯಿತು.

ಎದುರು ಮಂಚದಲ್ಲಿ ಮಲಗುವವಳಿಗೆ ತಿಳಿಯದ್ದು ಯಾವುದಿದೆ? ರಜೆಯ ದಿನ ಬೀಗಿತಿ ಚೆನ್ನಾಗಿರುತ್ತಾಳೆ, ಮೊಮ್ಮಗಳನ್ನು ಸೊಂಟದಲ್ಲಿಟ್ಟು ಮೆಟ್ಟಿಲು ಇಳಿದು ಹತ್ತುತ್ತಾಳೆ. ಕೆಲಸಕ್ಕೆ ಹೋದ ಸಂಜೆ ಗೋಡೆ ಹಿಡಿದು ಬರುತ್ತಾಳೆ. ಗುಂಡಿಯಮ್ಮ ಕೆಲವು ವಾರ ನೋಡಿದಳು, ಆಮೇಲೆ ಕೇಳಿಯೇಬಿಟ್ಟಳು.

“ಶೀತಕ್ಕೂ ರಜೆ ಇರುತ್ತಾ ಬೀಗರೇ?”

ಬೀಗಿತಿ ಕಾಲನ್ನು ನೀರಿನಿಂದ ತೆಗೆದು ಒರೆಸಿಕೊಂಡಳು, ಬೆರಳು ಬೆರಳಿನ ಸಂದಿಯನ್ನೂ ಒರೆಸಿಕೊಂಡಳು. ಆಮೇಲೆ ಹೇಳಿದಳು:

“ಇವತ್ತು ಹೊಯ್ಯುವಾಗ ಕೆಮ್ಮು ಬಂತು. ತಡೆದೆ. ತಡೆಯೋಕೆ ಆಗಲಿಲ್ಲ. ಒಂದು ಹಲಗೆ ಪೂರ್ತಿ ತೂತು ತೂತು. ಸಿಡುಬು ಬಂದ ಮುಖದ ಹಾಗೆ.”

“ಮೇಷ್ಟ್ರು ಬೈದರಾ?”

“ಬೈದಿದ್ರೆ ಚೆನ್ನಾಗಿತ್ತು. ಕುರ್ಚಿ ತಂದು ಹಾಕಿದರು.”

ಆ ಕುರ್ಚಿ ಬೀಗಿತಿಗೆ ನುಂಗಲಾರದ ಬಿಸಿತುಪ್ಪವಾಗಿತ್ತು. ಅಷ್ಟರಲ್ಲಿ ಪೊರೆ ಹದಕ್ಕೆ ಬರುತ್ತಿತ್ತು. ಒದ್ದೆ ಬಟ್ಟೆಯ ಮೇಲೆ ಇಡೀ ದಿನ ಇಟ್ಟರೂ ಕರಗದೆ, ಮಡಿಸಿದರೂ ಸೀಳದೆ ಉಳಿಯುವ ಹದ. ಒಬ್ಬ ಚೀಸು ವ್ಯಾಪಾರಿ ಒಂದು ದೊಡ್ಡ ಕಂತು ಮಾಡಿಕೊಡಿ, ನೋಡುತ್ತೇನೆ ಎಂದಿದ್ದ. ಆ ಕಂತು ಹೊಯ್ಯುವುದು ತಾನೇ ಎಂದು ಬೀಗಿತಿ ಹಟ ಹಿಡಿದಿದ್ದಳು. ಬೆಳಿಗ್ಗೆ ಎದೆ ಸ್ವಲ್ಪ ಹಗುರ ಇರುತ್ತದೆಂದು ಎಲ್ಲರಿಗಿಂತ ಮೊದಲು ಹೋಗಿ ಹೊಯ್ದುಬಿಡುತ್ತಿದ್ದಳು. ಕೆಮ್ಮು ಬರುವ ಹೊತ್ತಿಗೆ ಹಲಗೆ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ, ನೀರು ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಕೆಮ್ಮುತ್ತಿದ್ದಳು.

“ಮಗನಿಗೆ ಹೇಳಬೇಡಿ,” ಎಂದಳು ಗುಂಡಿಯಮ್ಮನಿಗೆ. “ಅವನಿಗೆ ತಿಳಿದರೆ ನಾಳೆಯಿಂದ ಮನೇಲಿ ಕೂರಿಸ್ತಾನೆ.”

“ಕೂರಬಾರದಾ? ಇಷ್ಟು ವರ್ಷ ದುಡಿದಿದ್ದು ಸಾಲದಾ?”

“ದುಡಿದಿದ್ದಲ್ಲ, ತೊಳೆದಿದ್ದು,” ಎಂದಳು ಬೀಗಿತಿ. ದನಿ ಏರಲಿಲ್ಲ, ಏರಿಸಲು ಉಸಿರಿರಲಿಲ್ಲ. “ಬೇರೆಯವರು ತಿಂದಿದ್ದು, ಬೇರೆಯವರು ತುಳಿದಿದ್ದು, ಬೇರೆಯವರು ಕುಡಿದಿದ್ದು. ಬೆಳಿಗ್ಗೆ ತೊಳೆದದ್ದು ಸಂಜೆಗೆ ಮತ್ತೆ ಕೊಳೆ. ನಾನು ಮಾಡಿದೆ ಅಂತ ತೋರಿಸೋಕೆ ಒಂದೂ ಇಲ್ಲ. ಇದೊಂದನ್ನ ಮಾಡಿದ್ದೀನಿ. ಇದೊಂದು ಮುಗೀಲಿ.”

ಗುಂಡಿಯಮ್ಮ ತಾನು ಕಟ್ಟಿದ ಕಾಜಾಗಳನ್ನು ನೆನೆದಳು. ಯಾರ ಯಾರ ಎದೆಯ ಮೇಲೋ ಎಲ್ಲೆಲ್ಲೋ ತಿರುಗುತ್ತಿವೆ. ಆದರೂ ಸಂಜೆಯಿಂದ ಸಂಜೆಗೆ ಎದೆಯ ಆ ಸದ್ದು ಕೇಳಿ ಕೇಳಿ, ಸಾಕಾಗಿ, ಒಂದು ದಿನ ಮೊಮ್ಮಗಳ ಲಸಿಕೆಗೆ ಹೊರಟವಳು ಬೀಗಿತಿಯನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಹಸಿರು ಬಣ್ಣ ಬಳಿದ ಗೋಡೆ, ಉದ್ದ ಬೆಂಚು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಅವಳ ಕಣ್ಣಲ್ಲೂ ನಿದ್ದೆಗೆಟ್ಟ ಕಪ್ಪು. ಎದೆಗೆ ಕೊಳವೆ ಇಟ್ಟು ಕೇಳಿದಳು, ಉಸಿರಿನ ಬಲ ಅಳೆಯುವ ಒಂದು ನಳಿಗೆಯೊಳಗೆ ಊದಿಸಿದಳು. ಬೀಗಿತಿ ಊದಿದಳು. ಮುಳ್ಳು ಸ್ವಲ್ಪ ಎದ್ದು ಬಿದ್ದುಹೋಯಿತು. ಅವಳು ಆ ಮುಳ್ಳನ್ನೇ ನೋಡುತ್ತಿದ್ದಳು.

“ಏನು ಕೆಲಸ ಮಾಡ್ತೀರಿ?”

“ಹಾಲಿನ ಕೆಲಸ.”

“ದೂಳು, ಪುಡಿ ಏನಾದರೂ?”

“ಇಲ್ಲ. ಎಲ್ಲ ನೀರಿನ ಕೆಲಸವೇ.”

ಬೀಗಿತಿ ಗುಂಡಿಯಮ್ಮನ ಕಡೆ ನೋಡಿದಳು. ಬೇಡ ಎಂಬಂತೆ ನೋಡಿದಳು. ಗುಂಡಿಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತಿದಳು.

“ಪುಡಿ ಇದೆ ಡಾಕ್ಟ್ರೇ,” ಎಂದಳು. “ಬಿಳಿ ಪುಡಿ. ಕಿಣ್ವ ಅಂತಾರೆ. ಇವರೇ ಬೆರೆಸೋದು. ಖಾಲಿ ಪಾಕೀಟನ್ನ ಮುಖದ ಹತ್ತಿರ ಹಿಡಿದು ತಟ್ಟುತ್ತಾರೆ.”

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು. ಆ ಪುಡಿ ಕೆಲವರ ಎದೆಗೆ ಆಗುವುದಿಲ್ಲ, ಒಮ್ಮೆ ಆಗದೆ ಹೋದರೆ ಆಮೇಲೆ ಚಿಟಿಕೆ ಇದ್ದರೂ ಸಾಕು, ಎದೆ ಮುಚ್ಚಿಕೊಳ್ಳುತ್ತದೆ ಎಂದಳು. ಮದ್ದು ಕೊಡುತ್ತೇನೆ, ಆದರೆ ಅದರ ಹತ್ತಿರ ಹೋಗುತ್ತಲೇ ಮದ್ದು ತೆಗೆದುಕೊಂಡರೆ, ಒಂದು ಕಡೆ ಬೆಂಕಿ ಹಚ್ಚಿ ಇನ್ನೊಂದು ಕಡೆ ನೀರು ಎರಚಿದ ಹಾಗೆ. ಕೆಲಸ ಬಿಡಬೇಕು.

“ಪೊರೆಯಲ್ಲೂ ಇರುತ್ತಾ ಅದು? ತಿನ್ನೋವ್ರಿಗೆ?” ಬೀಗಿತಿ ಕೇಳಿದ್ದು ಇಷ್ಟೇ.

“ಆಮೇಲೆ ಬಿಸಿ ಮಾಡಿ ನಿಲ್ಲಿಸಿದರೆ ತಿನ್ನೋವ್ರಿಗೆ ಏನೂ ಆಗಲ್ಲ. ನಿಮಗೆ ತೊಂದರೆ ಒಣ ಪುಡಿ ಉಸಿರಲ್ಲಿ ಹೋಗಿದ್ದರಿಂದ.”

ಅದೊಂದು ಮಾತಿಗೆ ಬೀಗಿತಿಯ ಭುಜ ಸ್ವಲ್ಪ ಇಳಿಯಿತು. ಬಸ್ಸಿನಲ್ಲಿ ಗುಂಡಿಯಮ್ಮನ ಪಕ್ಕ ಸೀಟು ಖಾಲಿ ಇದ್ದರೂ ಅವಳು ಕಂಬ ಹಿಡಿದು ನಿಂತೇ ಬಂದಳು. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಒಂದು ವಾರದ ಮೇಲೂ ಮಾತಿಲ್ಲ. ಎರಡು ಮಂಚದ ನಡುವಿನ ಆ ಒಬ್ಬರ ಜಾಗ ಹೊಳೆಯಷ್ಟು ಅಗಲವಾಯಿತು. ಮಾತು ಬಿಟ್ಟರೂ ಗುಂಡಿಯಮ್ಮ ಬಿಸಿನೀರು ಇಡುವುದನ್ನು ಬಿಡಲಿಲ್ಲ, ಬೀಗಿತಿಯೂ ಅದರಲ್ಲಿ ಕಾಲಿಡುವುದನ್ನು ಬಿಡಲಿಲ್ಲ.

ಮೇಷ್ಟ್ರು ಕೆಟ್ಟವರಲ್ಲ. ವಿಷಯ ತಿಳಿದು ಅವರ ಮುಖ ಕಪ್ಪಿಟ್ಟಿತು. ಬಾಗಿಲ ಸಂದಿಯ ಬಟ್ಟೆ ಕಿತ್ತುಹಾಕಿದರು. ಪುಡಿಯ ಬದಲು ನೀರಿನಲ್ಲಿ ಕಲಸಿ ಬರುವುದನ್ನೇ ತರಿಸತೊಡಗಿದರು, ಎಲ್ಲರ ಮುಖಕ್ಕೂ ಮುಖವಾಡ ಕೊಟ್ಟರು, ಗಾಳಿ ಎಳೆದು ಹೊರಗೆ ಹಾಕುವ ಗೂಡು ಕಟ್ಟಿಸಿದರು. ಬೀಗಿತಿಗೆ ಗೇಟಿನ ಪಕ್ಕದ ಕೋಣೆಯಲ್ಲಿ ಪೊರೆ ಮಡಿಸಿ ಕಟ್ಟುವ ಕೆಲಸ ಕೊಟ್ಟು ನೋಡಿದರು. ಕಪಾಟಿನಲ್ಲಿ, ಗೋಡೆಯಲ್ಲಿ, ಬೇರೆಯವರ ಬಟ್ಟೆಯಲ್ಲಿ ಹಳೆಯ ಪುಡಿ ಎಲ್ಲೋ ಉಳಿದಿತ್ತೋ ಏನೋ. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ನೀಲಿಗಟ್ಟಿತು. ಮಗ ಶೆಡ್ಡಿನಿಂದ ಎಣ್ಣೆ ಕೈಯಲ್ಲೇ ಓಡಿಬಂದು ಅವಳನ್ನು ಎತ್ತಿಕೊಂಡು ಹೋದ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಮನೆಗೆ ಬಂದ ಮೇಲೆ, ಅಷ್ಟು ದಿನದ ಮೌನವನ್ನು ಮುರಿದು ಬೀಗಿತಿಯೇ ಹೇಳಿದಳು:

“ನಿಮ್ಮದು ಬಾಯಲ್ಲ ಬೀಗರೇ, ಕತ್ತರಿ.”

“ದರ್ಜಿ ಅಂಗಡಿ ಅನ್ನ ತಿಂದವಳು ನಾನು.”

“ಗೊತ್ತಿತ್ತು. ಆದರೂ ಕರ್ಕೊಂಡು ಹೋದಾಗ ಬಂದೆ.” ಉಸಿರು ಕೂಡಿಸಿಕೊಂಡಳು. “ನನಗೂ ಸುಸ್ತಾಗಿತ್ತೇನೋ.”

ಅದಕ್ಕಿಂತ ಹೆಚ್ಚು ರಾಜಿ ಅವರಿಬ್ಬರಿಗೂ ಬೇಕಿರಲಿಲ್ಲ.

ಚೀಸು ವ್ಯಾಪಾರಿಯ ಕಂತು ಅರ್ಧದಲ್ಲಿ ನಿಂತಿತ್ತು. ಹೊಯ್ಯುವ ಕೆಲಸ ಪಕ್ಕದ ಮೇಜಿನ ಎತ್ತರದ ಹೆಂಗಸಿಗೆ ಬಂತು. ಎಲ್ಲರೂ ಅವಳನ್ನು ಕೊಕ್ಕರೆ ಎನ್ನುತ್ತಿದ್ದರು. ಕೊಕ್ಕರೆಗೆ ಕೈ ಕೂಡಲಿಲ್ಲ. ಆಗ ವಾರಕ್ಕೊಮ್ಮೆ ಮೇಷ್ಟ್ರು ಮನೆಗೆ ಬರತೊಡಗಿದರು. ಮನೆಯಲ್ಲಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಬರುತ್ತಿದ್ದರು, ಒಳಗೆ ಬರುವ ಮೊದಲು ಬಾಗಿಲಲ್ಲಿ ನಿಂತು “ಬರಬಹುದಾ?” ಎನ್ನುತ್ತಿದ್ದರು. ಗುಂಡಿಯಮ್ಮ ಕುರ್ಚಿ ಹಾಕುವಳು.

“ಒಂದು ಮೂಲೆ ಯಾವಾಗಲೂ ದಪ್ಪ ಆಗ್ತಿದೆ. ಏನು ಮಾಡೋದು?”

“ಅವಳು ಎತ್ತರ ಅಲ್ವಾ? ಬಗ್ಗಿ ಹೊಯ್ತಾಳೆ, ಕೈ ಮುಂದಕ್ಕೆ ವಾಲುತ್ತೆ. ಮೇಜಿನ ಕೆಳಗೆ ಇಟ್ಟಿಗೆ ಇಡಿ.”

ಮುಂದಿನ ವಾರ: “ಇಟ್ಟಿಗೆ ಇಟ್ಟೆ. ಸರಿಹೋಯ್ತು. ಈಗ ಗುಳ್ಳೆ ಬರ್ತಿದೆ.”

“ಆರಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು. ಕಲಕಿದ ತಕ್ಷಣ ಹೊಯ್ಯಬಾರದು. ಅವಳಿಗೆ ಮನೆಗೆ ಹೋಗೋ ಅವಸರ.”

ಮೇಷ್ಟ್ರು ಬರುವ ದಿನ ಬೀಗಿತಿ ತಲೆ ಬಾಚಿಕೊಂಡು, ದಿಂಬಿಗೆ ಒರಗಿ, ಬೆಳಿಗ್ಗೆಯಿಂದಲೇ ಬಾಗಿಲ ಕಡೆ ಕಿವಿಯಿಟ್ಟಿರುತ್ತಿದ್ದಳು. ಒಂದು ಉತ್ತರಕ್ಕೆ ಬೇಕಾದ ಉಸಿರನ್ನು ಮೊದಲೇ ಕೂಡಿಟ್ಟುಕೊಂಡಿರುವವಳ ಹಾಗೆ ಅವತ್ತು ಮನೆಯವರ ಹತ್ತಿರ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ಕೊಕ್ಕರೆಯೂ ಬಂದಳು. ಬೀಗಿತಿ ಅಡುಗೆಮನೆಯ ತಟ್ಟೆ ತರಿಸಿ, ಲೋಟದಲ್ಲಿ ನೀರು ಹಿಡಿದು, ತೋರಿಸಲು ಹೋದಳು. ತಟ್ಟೆಯ ನಡುವಿಗೆ ಬರುವಷ್ಟರಲ್ಲಿ ಉಸಿರು ಕಿತ್ತುಕೊಂಡಿತು, ನೀರು ಹಾಸಿಗೆಗೆ ಚೆಲ್ಲಿತು.

“ಹೀಗೆ ಮಾಡಬಾರದು ಅಂತ ತೋರಿಸಿದೆ,” ಎಂದಳು ಬೀಗಿತಿ.

ಕೊಕ್ಕರೆ ನಗಲು ಹೋಗಿ ನಗಲಾರದೆ ಹಾಸಿಗೆ ಒರೆಸಿದಳು.

ಮದ್ದು ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಮಾಡುತ್ತಿರಲಿಲ್ಲ. ಪುಡಿಯಿಂದ ದೂರವಾದರೆ ಹಲವರಿಗೆ ಗುಣವಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಳು. ಆದರೆ ಬೀಗಿತಿ ಕೆಮ್ಮನ್ನು ಬಚ್ಚಿಟ್ಟುಕೊಂಡ ಕಾಲ ಹೆಚ್ಚಾಗಿತ್ತು. ಈಗ ಬಸ್ಸಿನ ಹೊಗೆಯೂ ಆಗದು, ಒಗ್ಗರಣೆಯ ಘಾಟೂ ಆಗದು, ತಣ್ಣನೆಯ ಗಾಳಿಯೂ ಆಗದು. ಮೊಮ್ಮಗಳು ಅಜ್ಜಿಯ ಎದೆಗೆ ಕಿವಿಯಿಟ್ಟು, “ಒಳಗೆ ಬೆಕ್ಕಿದೆ,” ಎನ್ನುತ್ತಿದ್ದಳು. “ಇದೆ. ಹಾಲಿನ ಕೆಲಸಕ್ಕೆ ಹೋಗ್ತಿದ್ದೆನಲ್ಲ, ಹಿಂದೆಯೇ ಬಂದುಬಿಡ್ತು,” ಎನ್ನುತ್ತಿದ್ದಳು ಅಜ್ಜಿ.

ಹೀಗಿರುವಾಗ ಒಂದು ಮಧ್ಯಾಹ್ನ ಮೇಷ್ಟ್ರು ಬಂದವರು ಕುರ್ಚಿಯ ತುದಿಯಲ್ಲಿ ಕೂತರು. ಜೇಬಿನಿಂದ ಒಂದು ಚೀಸಿನ ತುಂಡು ತೆಗೆದು ಬೀಗಿತಿಯ ಅಂಗೈಯಲ್ಲಿಟ್ಟರು. ಸುತ್ತ ಪೊರೆ. ಒಳಗೆ ಚೀಸು ಒದ್ದೆಯಾಗಿ ಹೊಳೆಯುತ್ತಿತ್ತು, ಪೊರೆ ಮಾತ್ರ ಬಿಗಿಯಾಗಿ, ಒಂದು ಸುಕ್ಕಿಲ್ಲದೆ, ಎಲ್ಲಿಯೂ ಕರಗದೆ ಕೂತಿತ್ತು.

“ವ್ಯಾಪಾರಿ ತನ್ನ ಅಂಗಡಿಯಲ್ಲಿ ಒಂದು ವಾರ ಇಟ್ಟಿದ್ದ. ಹಾಗೇ ಇದೆ. ಒಪ್ಪಿಕೊಂಡ. ಇನ್ನು ಪ್ರತಿ ತಿಂಗಳೂ ಬೇಕಂತೆ.” ಮೇಷ್ಟ್ರು ತುಂಡಿನತ್ತ ಬೆರಳು ತೋರಿದರು. “ಇದು ನೀವು ಹಿಡಿದ ಹದ. ಇದು ನಿಮ್ಮದೇ.”

ಬೀಗಿತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. ಪೊರೆ ಚೀಸನ್ನು ಬಿಟ್ಟು ಸಲೀಸಾಗಿ ಎದ್ದುಬಂತು. ಅದನ್ನು ಬೆರಳುಗಳ ನಡುವೆ ಎಳೆದಳು, ಮಡಿಸಿದಳು, ಬಿಡಿಸಿದಳು. ಗುಂಡಿಯಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಏನಾದರೂ ಬೆಳಗುತ್ತದೆಂದು ಕಾದಳು.

“ಯಾರು ಹೊಯ್ದಿದ್ದು?”

“ಕೊಕ್ಕರೆ.”

“ಒಂದೇ ಉಸಿರಲ್ಲಾ?”

“ಒಂದೇ ಉಸಿರಲ್ಲಿ.”

“ಹೂಂ,” ಎಂದಳು ಬೀಗಿತಿ. “ಚೆನ್ನಾಗಿದೆ.”

ಮೇಷ್ಟ್ರು ಇನ್ನೂ ಮಾತಾಡಿದರು. ದೊಡ್ಡ ಜಾಗ ನೋಡುತ್ತಿದ್ದಾರಂತೆ, ಹಲಗೆಯ ಬದಲು ಉದ್ದ ಪಟ್ಟಿಯ ಮೇಲೆ ತಾನಾಗಿ ಹೊಯ್ಯುವ ಯಂತ್ರ ಬರುತ್ತದಂತೆ, ಉಸಿರು ಹಿಡಿಯುವ ಗೊಡವೆಯೇ ಇರುವುದಿಲ್ಲವಂತೆ. ಯಂತ್ರಕ್ಕೆ ಎಷ್ಟು ನಿಧಾನ ಬೇಕು, ದ್ರವ ಎಷ್ಟು ಗಟ್ಟಿ ಇರಬೇಕು, ಇದನ್ನೆಲ್ಲ ಕೇಳಲು ಮುಂದಿನ ವಾರ ಬರುತ್ತೇನೆ, ನಿಮ್ಮ ಸಲಹೆ ಇಲ್ಲದೆ ನಾನು ಹೆಜ್ಜೆ ಇಡುವುದಿಲ್ಲ ಎಂದರು. ಬೀಗಿತಿ ತಲೆಯಾಡಿಸಿದಳು. ಅವರು ಬಾಗಿಲು ದಾಟುವವರೆಗೂ ದಿಂಬಿಗೆ ಒರಗಿ ನೆಟ್ಟಗೆ ಕೂತಿದ್ದವಳು, ಮೆಟ್ಟಿಲಿನ ಸದ್ದು ನಿಂತ ಮೇಲೆ ಮೆಲ್ಲಗೆ ಜಾರಿ ಮಲಗಿದಳು.

ಗುಂಡಿಯಮ್ಮ ಚೀಸನ್ನು ತೆಗೆದಿಟ್ಟು ಬಂದು ಎದುರು ಮಂಚದಲ್ಲಿ ಕೂತಳು. ಏನಾದರೂ ಹೇಳಬೇಕೆನಿಸಿತು.

“ಕೊನೆಗೂ ಆಯ್ತಲ್ಲ ಬೀಗರೇ.”

“ಆಯ್ತು.”

“ಖುಷಿ ಇಲ್ವಾ?”

“ಇದೆ. ಮಗಳನ್ನ ಮದುವೆ ಮಾಡಿ ಕಳಿಸಿದಾಗ ನಿಮಗಿತ್ತಲ್ಲ, ಅಂಥದ್ದು.” ಬೀಗಿತಿ ಕಣ್ಣು ಮುಚ್ಚಿದಳು. “ನೀವಾದರೂ ಹಿಂದೆಯೇ ಪೆಟ್ಟಿಗೆ ಕಟ್ಟಿಕೊಂಡು ಬಂದಿರಿ.”

ಗುಂಡಿಯಮ್ಮ ನಕ್ಕಳು. ಬೀಗಿತಿಯೂ ನಗಲು ಹೋದಳು, ಅದು ಕೆಮ್ಮಾಯಿತು, ಕೆಮ್ಮು ಮುಗಿಯಲು ಬಹಳ ಹೊತ್ತು ಹಿಡಿಯಿತು. ಗುಂಡಿಯಮ್ಮ ಬೆನ್ನು ನೀವಿದಳು, ಬಿಸಿನೀರು ಕುಡಿಸಿದಳು. ಕಿಟಕಿಯ ಹೊರಗೆ ಯಾರೋ ಕಂಬಳಿ ಕೊಡವುತ್ತಿದ್ದರು. ಆ ವಾರ ಕಳೆಯುವುದರೊಳಗೆ ಎದೆಗೆ ಕಫ ಕಟ್ಟಿ ಬೀಗಿತಿ ಆಸ್ಪತ್ರೆ ಸೇರಿದಳು, ಅಲ್ಲಿಂದ ಬರಲಿಲ್ಲ; ಅಲ್ಲಿ ಗಂಟಲಿಗೆ ನಳಿಗೆ ಹಾಕಿದ್ದರಿಂದ ಮಾತೂ ಇರಲಿಲ್ಲ. ಹಾಗಾಗಿ ಅವಳು ಗುಂಡಿಯಮ್ಮನನ್ನು ಏನಾದರೂ ಕೇಳಿದ್ದೆಂದರೆ ಆ ಮಧ್ಯಾಹ್ನವೇ ಕೊನೆ.

ಆ ಮಧ್ಯಾಹ್ನ, ಬೆನ್ನು ನೀವುತ್ತಿದ್ದ ಕೈಯನ್ನು ಬೀಗಿತಿ ಹಿಡಿದುಕೊಂಡಳು. ಒಂದೊಂದೇ ಮಾತನ್ನು, ನಡುವೆ ಉಸಿರು ಬಿಟ್ಟು ಬಿಟ್ಟು, ಹೇಳಿದಳು:

“ನಂದು ಇದೊಂದೇ, ಮುಗೀತು. ಮುಂದಿನ ವಾರ ಮೇಷ್ಟ್ರು ಬಂದರೆ, ಮಲಗಿದ್ದಾಳೆ ಅಂತ ಹೇಳಿ.”

“ನನ್ನ ಕೈಲಿ ಸುಳ್ಳು ಹೇಳಿಸ್ತೀರಾ? ನನಗೆ ಬರಲ್ಲ ಅಂತ ನಿಮಗೆ ಗೊತ್ತಲ್ಲ.”

“ಕಣ್ಣು ಮುಚ್ಚಿಕೊಂಡಿರ್ತೀನಿ,” ಎಂದಳು ಬೀಗಿತಿ. “ಅರ್ಧವೇ ಸುಳ್ಳು. ಅಷ್ಟು ಹೇಳಿ.”